ತಾತನ ಟ್ರಂಕು ಉಳಿಸಿದವರಿಗೆ

ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ತಾತ ಬರೆದ 31 ಚಿತ್ರಗಳು ಗೋಡೆ ಏರಿದವು. ಬಂದು ನೋಡಿದ ಎಲ್ಲರಿಗೂ ಥ್ಯಾಂಕ್ಸ್. ಹೋದ ವರ್ಷ ಮನೆಗೆ ನೀರು ನುಗ್ಗಿದ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳಲ್ಲ. ಆ ರಾತ್ರಿ ಈ ಚಿತ್ರಗಳಿದ್ದ ಟ್ರಂಕು ನೆಲದ ಮೇಲೆ ಯಾಕಿತ್ತು ಅನ್ನೋದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಎರಡು ವಾರ ಮುಂಚೆ ಅಟ್ಟದಿಂದ ಅದನ್ನು ಇಳಿಸಿದ್ದು ನಾನೇ. ಹಳೇ ಪ್ರಿಂಟರಿನ ಡಬ್ಬ ಇಡೋಕೆ ಜಾಗ ಬೇಕಿತ್ತು. ಖಾಲಿ ಡಬ್ಬ.

ತಾತ ಪೈಲಟ್ ಅಂತ ಭಾನುವಾರ ತುಂಬಾ ಜನ ಅಂದುಕೊಂಡಿದ್ದರು. ಅಲ್ಲ, ಫಿಟ್ಟರ್. ಭಾರತೀಯ ವಾಯುಪಡೆಯ 4ನೇ ಸ್ಕ್ವಾಡ್ರನ್. 1944ರಲ್ಲಿ ಬರ್ಮಾದ ಅರಾಕಾನ್ ಕಡೆ ಯುದ್ಧ ನಡೆಯುವಾಗ ಹರಿಕೇನ್ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ. ಯುದ್ಧ ಮುಗಿದ ಮೇಲೆ ಊರಿಗೆ ಬರಲಿಲ್ಲ. 1946ರಲ್ಲಿ ಅದೇ ಸ್ಕ್ವಾಡ್ರನ್ ಜಪಾನಿಗೆ ಹೋಯಿತು. ಸೋತ ದೇಶದಲ್ಲಿ ಕಾವಲಿಗೆ ನಿಂತ ಕಾಮನ್‌ವೆಲ್ತ್ ಪಡೆಯಲ್ಲಿ ನಮ್ಮವರೂ ಇದ್ದರು. ಸ್ಪಿಟ್‌ಫೈರ್ ಯುದ್ಧವಿಮಾನಗಳನ್ನು ವೆಂಜನ್ಸ್ ಅನ್ನುವ ವಿಮಾನವಾಹಕ ಹಡಗಿನಲ್ಲಿ ಒಯ್ದರು. ಮೊದಲು ಇವಾಕುನಿ, ಆಮೇಲೆ ಮಿಹೋ, ಎರಡೂ ಜಪಾನಿನ ವಾಯುನೆಲೆಗಳು. ಅಲ್ಲಿಂದ ತಾತ ಮನೆಗೆ ತಂದಿದ್ದು ಒಂದು ಟ್ರಂಕು. ಆರು ಮೂಲೆಯ ಬರ್ಮಾ ಸ್ಟಾರ್ ಪದಕ, ಬರ್ಮಾದಲ್ಲಿ ಜಪಾನಿನವರು ಚಲಾವಣೆಗೆ ಬಿಟ್ಟಿದ್ದ ರೂಪಾಯಿ ನೋಟುಗಳು, ಅಜ್ಜಿಗೆ ಬರೆದ ಕಾಗದಗಳು, ತಾವು ಬರೆದ ಚಿತ್ರಗಳ ಪುಸ್ತಕ ಎರಡು. ಬಾಯಿಬಿಟ್ಟು ಹೇಳಿದ್ದು ಕಡಿಮೆ. "ಅಲ್ಲಿ ಚಳಿ ಜಾಸ್ತಿ" ಅಂದರೆ ಅವತ್ತಿನ ಮಾತು ಮುಗಿದ ಹಾಗೆ.

ಈಗ ಮೇಲಿನ ಮನೆಯ ಬೈಂಡರ್ ಮಾಮನ ವಿಷಯ. ಈ ಬರಹ ಬರೆಯೋಕೆ ಕೂತಿದ್ದೇ ಅವರಿಗಾಗಿ.

ರಾತ್ರಿ ಒಂದೂವರೆ ಇರಬೇಕು. ಕರೆಂಟ್ ಇಲ್ಲ. ಟ್ರಂಕನ್ನು ಮೆಟ್ಟಿಲ ಮೇಲೆ ಎತ್ತಿಟ್ಟು, ಚಿತ್ರದ ಪುಸ್ತಕದ ಹಾಳೆಗಳನ್ನು ನಾನು ಒಂದೊಂದಾಗಿ ಎಳೆಯುತ್ತಿದ್ದೆ. ಒಂದು ಹರಿಯಿತು. ಮಾಮ ಟಾರ್ಚ್ ಹಿಡಿದು ಇಳಿದು ಬಂದರು. "ಕೈ ತೆಗಿಯಪ್ಪ" ಅಂದರು, ಅಷ್ಟೇ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದವರು. ಅವರ ಮನೆಯಲ್ಲಿದ್ದ ಬ್ಲಾಟಿಂಗ್ ಪೇಪರ್ ಅರ್ಧ ಗಂಟೆಯಲ್ಲಿ ಮುಗಿಯಿತು. ನ್ಯೂಸ್‌ಪೇಪರ್ ತರಲಾ ಅಂದೆ. ಬೇಡ, ಅದರ ಶಾಯಿ ಇದಕ್ಕೆ ಹತ್ತುತ್ತೆ ಅಂದರು. ತಮ್ಮ ಬಿಳಿ ಪಂಚೆಗಳನ್ನೇ ತಂದು ಹಾಸಿದರು. ಐದು ಪಂಚೆ. ಮದುವೆಗೆ ಅಂತ ಎತ್ತಿಟ್ಟಿದ್ದ ಜರಿ ಅಂಚಿನದ್ದೂ ಅದರಲ್ಲಿತ್ತು.

ಪೆನ್ಸಿಲ್ ಚಿತ್ರಗಳಿಗೆ ಭಯವಿಲ್ಲ, ಸೀಸ ನೀರಿಗೆ ಕರಗಲ್ಲ ಅಂತ ಅವನ್ನು ಪಕ್ಕಕ್ಕಿಟ್ಟರು. ಅಜ್ಜಿಗೆ ಬರೆದ ಪತ್ರಗಳು ಮಾತ್ರ ನಮ್ಮ ಕಣ್ಣೆದುರೇ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ತಾತ ಬರೆದಿದ್ದು ಹಳೇ ಕಾಲದ ಕಾಪಿಯಿಂಗ್ ಪೆನ್ಸಿಲ್‌ನಲ್ಲಿ. ಒದ್ದೆಯಾದರೆ ಅದು ಬಣ್ಣ ಬಿಡುತ್ತೆ. ಮಾಮ ಅದನ್ನು ನೋಡಿದ ತಕ್ಷಣ ಗುರುತು ಹಿಡಿದರು. ಬಣ್ಣದ ಚಿತ್ರಗಳನ್ನು ಒತ್ತಲು ಬಿಡಲಿಲ್ಲ. ಮಿಹೋ ಏರ್‌ಫೀಲ್ಡಿನಿಂದ ಕಾಣುವ ಡೈಸೆನ್ ಬೆಟ್ಟವನ್ನು ತಾತ ಒಂಬತ್ತು ಸಲ ಬರೆದಿದ್ದಾರೆ. ಒಂಬತ್ತನ್ನೂ ಮುಖ ಮೇಲೆ ಮಾಡಿ ಮಲಗಿಸಿ, "ಮುಟ್ಟಬೇಡ, ಗಾಳಿ ನೋಡ್ಕೊಳ್ಳುತ್ತೆ" ಅಂದರು.

ನಾಲ್ಕು ಗಂಟೆ ಹೊತ್ತಿಗೆ ಒಂದು ಹಾಳೆಯನ್ನು ಟಾರ್ಚಿಗೆ ಹಿಡಿದು ಅಪ್ಪನನ್ನು ಕರೆದರು. ಅಪ್ಪ ಅಲ್ಲಿಯವರೆಗೂ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದರು. ಹಾಳೆಯಲ್ಲಿ ಒಂದು ಟ್ರಾಮ್, ಒಳಗೆ ಒತ್ತಿ ನಿಂತ ಜನ. ಸುತ್ತ ಏನೂ ಇಲ್ಲ, ಮನೆ ಇಲ್ಲ, ಮರ ಇಲ್ಲ. ಕೆಳಗೆ ತಾತನ ಗುಂಡು ಅಕ್ಷರ: "ಹಿರೋಶಿಮಾ. ಟ್ರಾಮ್ ಓಡ್ತಾ ಇದೆ." ಇವಾಕುನಿಯಿಂದ ಹಿರೋಶಿಮಾ ದೂರವೇನಲ್ಲ. ಬಾಂಬ್ ಬಿದ್ದ ಮೂರೇ ದಿನಕ್ಕೆ ಅಲ್ಲಿ ಒಂದಷ್ಟು ದೂರ ಟ್ರಾಮ್ ಓಡಿಸಿದ್ದರು ಅನ್ನೋದು ನನಗೆ ಆಮೇಲೆ ಓದಿ ಗೊತ್ತಾಯಿತು. ಅಲ್ಲಿಗೆ ಹೋಗಿದ್ದೆ ಅಂತ ತಾತ ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ. ಅಪ್ಪ ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಬ್ಬದ ವಿಷಯ ಆಗ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅಪ್ಪಾ, ಈಗ ಇಲ್ಲಿ ಓದ್ತಿದ್ದೀರಿ. ತಪ್ಪಾಯ್ತು.

ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತೆ ಅಂತ ಪತ್ರಗಳನ್ನು ತನ್ನ ಮನೆಯ ಫ್ರೀಜರಿನಲ್ಲಿ ಬಟಾಣಿ ಪಕ್ಕ ತಿಂಗಳುಗಟ್ಟಲೆ ಇಟ್ಟುಕೊಂಡ ಚಿಕ್ಕಮ್ಮನಿಗೆ, ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಟ್ಟ ಆಫೀಸಿನ ಗೆಳೆಯರಿಗೆ, ಫ್ರೇಮಿಗೆ ಕಾಸು ಹಾಕಿದ ಕಸಿನ್‌ಗಳಿಗೆ, ಭಾನುವಾರ ಉಪ್ಪಿಟ್ಟು ಮಾಡಿದ ಪಕ್ಕದ ಮನೆ ಆಂಟಿಗೆ ತುಂಬಾ ಧನ್ಯವಾದ. ಹನ್ನೊಂದು ಪತ್ರ ಓದಲು ಬರುವ ಹಾಗಿವೆ. ಮಿಕ್ಕವು ಬರೀ ನೇರಳೆ.

ಮಾಮ ದುಡ್ಡು ಮುಟ್ಟಲಿಲ್ಲ. ಹೊಸ ಪಂಚೆ ತಂದುಕೊಟ್ಟರೆ ಜರಿ ಸಾಲದು ಅಂತ ಗೊಣಗಿ ಇಟ್ಟುಕೊಂಡರು. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು, ಮೂರನೇ ಡೈಸೆನ್ ಸೊಟ್ಟಗಿದೆ ಅಂತ ಸ್ಟೂಲ್ ಹತ್ತಿ ತಾವೇ ಸರಿಮಾಡಿದರು. ಚಿತ್ರದ ಪುಸ್ತಕಗಳನ್ನು ಮತ್ತೆ ಹೊಲಿದು ಕೊಡುತ್ತಾರಂತೆ. ಆದರೆ ಈಗಲ್ಲ. ಮಳೆಗಾಲ ಮುಗೀಲಿ, ಮೈದಾ ಅಂಟು ಸರಿಯಾಗಿ ಒಣಗಲ್ಲ ಅಂದಿದ್ದಾರೆ. ಅಲ್ಲಿಯವರೆಗೆ ಟ್ರಂಕು ಅವರ ಮನೆಯಲ್ಲೇ ಇದೆ, ಮಂಚದ ಮೇಲೆ.