ಎರಡು ಈಡಿನ ಕೋವಿ, ಮೂವತ್ತು ಗುಂಡಿನ ರೈಫಲ್

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲೆಗಳಲ್ಲಿ ನಡೆಯುವ ಗುಂಡಿನ ದಾಳಿಗಳ ಬಗ್ಗೆ ಓದುಗರೊಬ್ಬರು ಬರೆದ ಪತ್ರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ‘ಕೋವಿ ಯಾವುದಾದರೇನು, ಸಾಯಿಸುವುದು ಮನುಷ್ಯ ತಾನೇ’ ಎಂದಿದ್ದರು. ಕೋವಿ ಇರುವ ಮನೆಯಲ್ಲೇ ಬೆಳೆದವನು ನಾನು. ಮಗಳ ಸಂಸಾರ ಟೆಕ್ಸಸ್‌ನಲ್ಲಿದೆ. ಆರು ವರ್ಷದ ಮೊಮ್ಮಗ ಮೊನ್ನೆ ವಿಡಿಯೊ ಕಾಲ್‌ನಲ್ಲಿ ಲೈಟು ಆರಿಸಿ, ಮಂಚದ ಪಕ್ಕ ಮುದುರಿ ಕೂತು, ಬಾಯಿಗೆ ಬೆರಳಿಟ್ಟು ತೋರಿಸಿದ. ಶಾಲೆಗೆ ಕೋವಿ ಹಿಡಿದವನು ಬಂದರೆ ಹೀಗೆ ಕೂರಬೇಕಂತೆ. ಆ ಪತ್ರವನ್ನು ಸುಮ್ನೆ ಓದಿ ಬಿಡಲು ನನ್ನಿಂದ ಆಗಲಿಲ್ಲ.

ಕೊಪ್ಪದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಇದೆ. ಬೆಳೆ ಕಾಯಲೆಂದು ಲೈಸೆನ್ಸ್ ಕೊಟ್ಟಿದ್ದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುತ್ತೇವೆ. ಎರಡು ಈಡು ಹೊಡೆದರೆ ಅದರ ಕೆಲಸ ಮುಗಿಯಿತು. ನಳಿಗೆ ಮಡಚಬೇಕು, ಬಿಸಿಯಾದ ಖಾಲಿ ತೋಟಾವನ್ನು ಉಗುರಲ್ಲಿ ಕೀಳಬೇಕು, ಜೇಬು ತಡಕಿ ಇನ್ನೆರಡು ತುಂಬಬೇಕು. ಮಳೆಗಾಲದಲ್ಲಿ ಕಾಗದದ ತೋಟಾ ತೇವಕ್ಕೆ ಉಬ್ಬಿ ಒಳಗೇ ಕಚ್ಚಿಕೊಳ್ಳುತ್ತಿತ್ತು. ಅಜ್ಜ ಅದರ ಜೊತೆ ಗುದ್ದಾಡುವಷ್ಟರಲ್ಲಿ ಹಂದಿ ಗದ್ದೆ ದಾಟಿ ಹೋಗಿರುತ್ತಿತ್ತು.

ಆ ದಾಳಿಗಳ ಸುದ್ದಿಯಲ್ಲಿ ಹೆಸರು ಕೇಳುವ ಎಆರ್-15 ರೈಫಲ್ ಹಾಗಲ್ಲ. ‘ಎಆರ್’ ಅಂದರೆ ಅಸಾಲ್ಟ್ ರೈಫಲ್, ಅಂದರೆ ಸೈನಿಕರ ದಾಳಿ ಕೋವಿ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಈ ರೈಫಲನ್ನು ಮೊದಲು ತಯಾರಿಸಿದ ಆರ್ಮಲೈಟ್ ಕಂಪನಿಯ ಹೆಸರು. ಮೆಷಿನ್ ಗನ್ ಕೂಡ ಅಲ್ಲ, ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಸಿಡಿದ ಮದ್ದಿನ ಗ್ಯಾಸೇ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ, ಸ್ಪ್ರಿಂಗು ಮುಂದಿನದನ್ನು ನಳಿಗೆಗೆ ತಳ್ಳುತ್ತದೆ. ಗುಂಡು ತುಂಬಿಡುವ ಡಬ್ಬಿ, ಅಂದರೆ ಮ್ಯಾಗಜಿನ್‌ನಲ್ಲಿ ಸಾಮಾನ್ಯವಾಗಿ 30 ಗುಂಡು. ಬೆರಳಾಡಿಸುತ್ತಿದ್ದರೆ ಸಾಕು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ ಇಂಥದೇ ರೈಫಲ್‌ನಿಂದ 154 ಗುಂಡು ಹಾರಿದವು. ಐದು ನಿಮಿಷವೂ ಹಿಡಿಯಲಿಲ್ಲ. 20 ಮಕ್ಕಳು, 6 ಮಂದಿ ದೊಡ್ಡವರು ಸತ್ತರು. ಅಜ್ಜನ ಕೋವಿಯಾದರೆ 77 ಸಲ ತುಂಬಬೇಕು.

ಇನ್ನು ಗುಂಡಿನ ವೇಗ. ಸಾಮಾನ್ಯ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ಹೋದರೆ, ಇದರದ್ದು 900 ಮೀಟರ್‌ಗೂ ಜಾಸ್ತಿ. ತಾಗಿದ ಜಾಗ ಮಾತ್ರವಲ್ಲ, ಸುತ್ತಲಿನ ಮಾಂಸವೂ ಹರಿದುಹೋಗುತ್ತದೆ. 2022ರ ಮೇ 24ರಂದು ಟೆಕ್ಸಸ್‌ನ ಉವಾಲ್ಡೆಯ ಶಾಲೆಯಲ್ಲಿ ಇಂಥದೇ ರೈಫಲ್‌ನಿಂದ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಮಕ್ಕಳ ಗುರುತು ಹಿಡಿಯಲು ತಂದೆತಾಯಿಯರ ಡಿಎನ್‌ಎ ಕೇಳಬೇಕಾಯಿತು. ಒಂದು ಹುಡುಗಿಯ ಗುರುತಿಗೆ ಉಳಿದದ್ದು ಕಾಲಿನಲ್ಲಿದ್ದ ಹಸಿರು ಶೂ. ಇದನ್ನು ಬರೆಯುವಾಗ ಕೈ ನಡುಗುತ್ತದೆ.

ಹಾಗಂತ ಆ ಓದುಗರ ಮಾತೆಲ್ಲ ಸುಳ್ಳು ಎನ್ನಲಾರೆ. ಅಮೆರಿಕದಲ್ಲಿ ದಿನನಿತ್ಯದ ಕೊಲೆಗಳಲ್ಲಿ ಮುಂದೆ ಇರುವುದು ಪಿಸ್ತೂಲು. 2019ರ ಎಫ್‌ಬಿಐ ಲೆಕ್ಕದಲ್ಲಿ ಪಿಸ್ತೂಲು, ರಿವಾಲ್ವರ್‌ಗಳಿಂದ 6,368 ಕೊಲೆ, ಎಲ್ಲ ಬಗೆಯ ರೈಫಲ್ ಸೇರಿ 364. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿಯನ್ನು ಕೊಂದದ್ದೂ ಎರಡು ಪಿಸ್ತೂಲು. ಜಿಂಕೆ ಬೇಟೆಯ ಎಷ್ಟೋ ರೈಫಲ್‌ಗಳ ಗುಂಡಿಗೆ ಎಆರ್-15ಕ್ಕಿಂತ ಜಾಸ್ತಿ ಬಲವೂ ಇದೆ. ಆದರೆ ಆ ಬಲ, ಮೂವತ್ತು ಗುಂಡಿನ ಮ್ಯಾಗಜಿನ್, ಬೆರಳಾಡಿಸಿದಷ್ಟು ಬೇಗ ಹಾರುವ ಗುಂಡು, ಮೂರೂ ಒಂದೇ ಕೈಗೆ ಸಿಗಬಾರದು. ತುಂಬಿದ ಕ್ಲಾಸ್‌ರೂಮಿನಲ್ಲಿ ಮಕ್ಕಳಿಗೆ ಓಡಲು ಒಂದು ಗಳಿಗೆಯೂ ಸಿಗುವುದಿಲ್ಲ.

ಇಂಥ ರೈಫಲ್‌ಗಳ ಮೇಲೆ ಅಲ್ಲಿ 1994ರಲ್ಲಿ ಹಾಕಿದ ನಿಷೇಧ ಎಡವಿದ್ದು ಇಲ್ಲೇ. ತುದಿಗೆ ಬಯೊನೆಟ್ ಚೂರಿ ಸಿಕ್ಕಿಸುವ ಜಾಗ ಇದೆಯೇ, ಭುಜಕ್ಕೆ ಒತ್ತುವ ಹಿಂಬದಿ ಬಟ್ಟು ಮಡಚುತ್ತದೆಯೇ ಎಂದೆಲ್ಲ ರೂಪ ನೋಡಿತು. ಎಆರ್-15ರ ಗುಂಡನ್ನೇ ಹಾಕುವ, ಅದೇ ರೀತಿ ಹಾರಿಸುವ ಮಿನಿ-14 ರೈಫಲ್ ಮರದ ಬಟ್ಟಿನಲ್ಲಿ ನಮ್ಮ ತೋಟದ ಕೋವಿಯಂತೆ ಸಾಧುವಾಗಿ ಕಾಣುತ್ತದೆ. ಬಟ್ಟು ಮಡಚದ ಮಿನಿ-14ನ್ನು ಆ ಕಾನೂನು ಹೆಸರು ಹೇಳಿಯೇ ಬಿಟ್ಟುಕೊಟ್ಟಿತು. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ 14 ಹೆಣ್ಣುಮಕ್ಕಳನ್ನು ಕೊಂದವನ ಕೈಯಲ್ಲಿದ್ದ ರೈಫಲ್ ಅದೇ. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜಿನ್‌ಗೆ ತಡೆ ಹಾಕಿದ್ದು ಒಳ್ಳೆಯದೇ. ಆದರೆ ಹಳೆಯವು ಅಂಗಡಿಯಲ್ಲಿ ಸಿಗುತ್ತಲೇ ಇದ್ದವು. 2004ರಲ್ಲಿ ಆ ಕಾನೂನೂ ಹೋಯಿತು. ಆಸ್ಟ್ರೇಲಿಯಾ 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ರೂಪ ನೋಡಲಿಲ್ಲ. ಬೆರಳಾಡಿಸಿದಷ್ಟೂ ಹಾರುವ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನೇ ಜನರ ಕೈಯಿಂದ ದುಡ್ಡು ಕೊಟ್ಟು ವಾಪಸ್ ಪಡೆಯಿತು.

ಉವಾಲ್ಡೆಯ ಹಂತಕನಿಗೆ ಆಗಷ್ಟೇ 18 ತುಂಬಿತ್ತು. ಅಂಗಡಿಯಲ್ಲಿ ಪಿಸ್ತೂಲು ಕೇಳಿದ್ದರೆ ಆಗಿನ ಫೆಡರಲ್ ಕಾನೂನಿನ ಪ್ರಕಾರ ಸಿಗುತ್ತಿರಲಿಲ್ಲ, 21 ಆಗಬೇಕಿತ್ತು. ರೈಫಲ್‌ಗೆ 18 ಸಾಕಿತ್ತು. ಕಾನೂನುಬದ್ಧವಾಗಿಯೇ ಎರಡು ಕೊಂಡ. ಸಾಯಿಸುವುದು ಮನುಷ್ಯ ಎನ್ನುವ ಓದುಗರು ದಯವಿಟ್ಟು ಹೇಳಲಿ, ಆ ಹುಡುಗನಿಗೆ ಅಂದು ಅಜ್ಜನ ಕೋವಿಯಂಥದ್ದು ಮಾತ್ರ ಸಿಕ್ಕಿದ್ದರೆ ಆ 21 ಜನರಲ್ಲಿ ಒಂದಷ್ಟು ಜನವಾದರೂ ಮನೆಗೆ ಹೋಗುತ್ತಿದ್ದರಲ್ವಾ?

— ಒಬ್ಬ ಓದುಗ, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ