ಅತ್ತಿಗೆಯ ಋಣ

ಮಗಳಿಗೆ ವರ್ಷ ತುಂಬಿತು. ಗೋಡೆ ಹಿಡಿದು ನಿಲ್ಲುತ್ತಾಳೆ, ದೊಪ್ಪನೆ ಕುಳಿತುಬಿಡುತ್ತಾಳೆ, ಮತ್ತೆ ಏಳುತ್ತಾಳೆ. ಒಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಮಾದಕ ವಸ್ತುಗಳ ಚಟಕ್ಕೆ ಕೊಡುವ ಬುಪ್ರೆನಾರ್ಫಿನ್ ಎಂಬ ಔಷಧಿ ತೆಗೆದುಕೊಳ್ಳುತ್ತ ನಾನೂ ನೆಟ್ಟಗಿದ್ದೇನೆ. ನಡೆದದ್ದು ನಿಮಗೆಲ್ಲ ಗೊತ್ತಿರುವುದೇ, ಕೆದಕುವುದಿಲ್ಲ.

ತಿಂಗಳು ತುಂಬುತ್ತ ಬಂದಂತೆ ಔಷಧಿಯ ಪ್ರಮಾಣವನ್ನು ನೋಡಿ ನೋಡಿ ಹೆಚ್ಚಿಸಿದ ವೈದ್ಯರಿಗೆ, ವಾರ್ಡಿನ ದಾದಿಯರಿಗೆ, ಬಾಣಂತನ ಮಾಡಿದ ಅಮ್ಮನಿಗೆ, ಏನೂ ಕೇಳದೆ ಬಂದು ಮಗುವನ್ನು ಎತ್ತಿಕೊಂಡ ಗೆಳತಿಯರಿಗೆ ನಾನು ಕೃತಜ್ಞಳು.

ಇನ್ನುಳಿದದ್ದೆಲ್ಲ ಅತ್ತಿಗೆಯದು.

ನಾನು ಬಸುರಿಯಾದಾಗ, ಮಗುವಿಗಾಗಿಯಾದರೂ ಆ ಚಟ ಇವತ್ತೇ ಬಿಟ್ಟುಬಿಡು ಎಂದು ಕಂಡವರೆಲ್ಲ ಹೇಳಿದ್ದರು. ಬಿಟ್ಟೆ. ಆ ರಾತ್ರಿ ಮೈಯೆಲ್ಲ ಬೆವೆತು ನಡುಗಿತು, ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಅತ್ತಿಗೆ ಒಂದು ಕೈಯಿಂದ ನನ್ನ ಪಾದ ತಿಕ್ಕುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿದ್ದರು. ಒಪಿಯಾಯ್ಡ್‌ಗಳನ್ನು ಗರ್ಭಿಣಿ ಥಟ್ಟನೆ ನಿಲ್ಲಿಸಬಾರದು, ತಕ್ಷಣ ಕರೆತನ್ನಿ ಎಂದರು ಆ ಕಡೆಯ ವೈದ್ಯರು. ಗರ್ಭಿಣಿಗೆ ಬಿಡಿಸುವ ಪ್ರಯತ್ನಕ್ಕಿಂತ ಔಷಧಿಯ ಚಿಕಿತ್ಸೆಯೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆಯಂತೆ. ಬುದ್ಧಿ ಹೇಳಲು ಬಂದವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ!

ಆಮೇಲೆ ಚಿಕಿತ್ಸೆಗೆ ಜಾಗ ಹುಡುಕುವ ಕೆಲಸ. ಹೆರಿಗೆಯಾದ ಮೇಲೆ ಬನ್ನಿ ಎಂದಿತು ಒಂದು ಕೇಂದ್ರ, ಮಗುವನ್ನು ಬಿಟ್ಟು ಬನ್ನಿ ಎಂದಿತು ಇನ್ನೊಂದು. ಅತ್ತಿಗೆ ಹಳೆಯ ಲಕೋಟೆಯ ಬೆನ್ನಿಗೆ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದರು. ಗರ್ಭಿಣಿಯನ್ನು ಸೇರಿಸಿಕೊಳ್ಳುತ್ತೀರಾ? ಚಿಕಿತ್ಸೆಯ ಔಷಧಿಯಾದ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಕೊಡುತ್ತೀರಾ? ಹೆರಿಗೆ ವೈದ್ಯರ ಜೊತೆ ಮಾತಾಡುತ್ತೀರಾ? ಆಮೇಲೆ ಮಗು ತಾಯಿಯ ಬಳಿಯೇ ಇರಬಹುದೇ? ಉತ್ತರದಲ್ಲಿ ಉಪದೇಶ ಶುರುವಾಯಿತೋ, ‘ಆಯಿತು ಸ್ವಾಮಿ’ ಎಂದು ಫೋನ್ ಇಟ್ಟುಬಿಡುತ್ತಿದ್ದರು.

ಹುಟ್ಟಿದ ಎರಡನೇ ದಿನ ಮಗಳ ಗಲ್ಲ, ಕೈಗಳು ನಡುಗತೊಡಗಿದವು. ಅಳು ಕೀರಲಾಯಿತು. ಹೊಟ್ಟೆಯಲ್ಲಿದ್ದಾಗ ಸಿಗುತ್ತಿದ್ದ ಔಷಧಿ ಹುಟ್ಟಿದ ಮೇಲೆ ನಿಂತಾಗ ಹೀಗಾಗಬಹುದು, ಆದರೆ ವಾಸಿಯಾಗುತ್ತದೆ ಎಂದು ಮೊದಲೇ ಹೇಳಿದ್ದರು. ಕಣ್ಣೆದುರು ಕಂಡಾಗ ಆ ತಿಳಿವಳಿಕೆ ಯಾವ ಉಪಯೋಗಕ್ಕೂ ಬರಲಿಲ್ಲ. ನಾನು ಸತ್ತಿದ್ದರೆ ಇವಳು ಸುಖವಾಗಿರುತ್ತಿದ್ದಳು ಎಂದುಬಿಟ್ಟೆ. ಅತ್ತಿಗೆ ಸಮಾಧಾನದ ಒಂದು ಮಾತೂ ಆಡಲಿಲ್ಲ. ದೀಪ ತಗ್ಗಿಸಿ, ಮಗುವನ್ನು ನನ್ನ ಬರಿ ಎದೆಗೆ ಒರಗಿಸಿ, ‘ಮೊದಲು ಹಾಲು ಕೊಡು’ ಎಂದರು. ಕೊಟ್ಟೆ. ಬೆಳಗಿನ ತನಕ ಅವರು ಕುರ್ಚಿಯಿಂದ ಏಳಲಿಲ್ಲ. ವಾರ ಕಳೆಯುವಷ್ಟರಲ್ಲಿ ನಡುಕ ಇಳಿಯಿತು.

ಒಂದು ಕೋರಿಕೆ ಇದೆ. ‘ಇನ್ನೂ ಔಷಧಿ ಬಿಟ್ಟಿಲ್ಲವೇ?’ ಎಂದು ಕೇಳಬೇಡಿ. ಹೆರಿಗೆಯ ನಂತರದ ತಿಂಗಳುಗಳಲ್ಲಿಯೇ ಮತ್ತೆ ಚಟಕ್ಕೆ ಜಾರುವ ಅಪಾಯ ಹೆಚ್ಚು. ಬಿಡುವುದೋ ಬೇಡವೋ, ವೈದ್ಯರೂ ನಾನೂ ನೋಡಿಕೊಳ್ಳುತ್ತೇವೆ. ನಿಮಗೆ ತಿಳಿದವರಲ್ಲಿ ಯಾರಾದರೂ ಗರ್ಭಿಣಿಯೋ ಬಾಣಂತಿಯೋ ಇಂಥ ಜಾಗ ಹುಡುಕುತ್ತಿದ್ದರೆ ನನಗೆ ತಿಳಿಸಿ. ಅವರ ಪರವಾಗಿ ಫೋನ್ ಮಾಡುತ್ತೇನೆ. ಅತ್ತಿಗೆಯಷ್ಟು ಜೋರು ಬಾಯಿ ನನಗಿಲ್ಲ, ಕಲಿಯುತ್ತಿದ್ದೇನೆ.