ಕೌದಿಗೆ ಬಟ್ಟೆ ಕೊಡುವ ಮುನ್ನ

ಮಾನ್ಯರೆ,

ಸಂಕ್ರಾಂತಿ ಕಳೆದ ಮೇಲೆ ಬೀರು ಖಾಲಿ ಮಾಡುವವರು ಕೌದಿ ಹೊಲಿಯುವ ಗುಂಪುಗಳಿಗೆ ಹಳೆ ಬಟ್ಟೆ ಕೊಡುವುದು ಒಳ್ಳೆಯ ಕೆಲಸ. ಆದರೆ ಪಾಲಿಯೆಸ್ಟರ್, ನೈಲಾನ್ ಸೀರೆ ದಯವಿಟ್ಟು ಬೇಡ. ಅವು ಬೆವರು ಹೀರುವುದಿಲ್ಲ, ಪದರ ಜಾರಿ ಹೊಲಿಗೆ ಸೊಟ್ಟಗಾಗುತ್ತದೆ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಪಂಚೆಯೇ ಬೇಕು. ನೀರು ಕಾಣದ ಹೊಸ ಹತ್ತಿ ಬಟ್ಟೆ ಸೇರಿಸಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಕೌದಿಯೆಲ್ಲ ಸುಕ್ಕಾಗುತ್ತದೆ.

ಐದೂವರೆ ಮೀಟರಿನ ಸೀರೆಯನ್ನು ಅಡ್ಡಕ್ಕೆ ಮೂರು ತುಂಡು ಮಾಡಿ ಒಂದರ ಮೇಲೊಂದು ಹಾಸಿದರೆ ಸುಮಾರು 6 ಅಡಿ ಉದ್ದದ, ಒಬ್ಬರು ಹೊದೆಯುವ ಕೌದಿಗೆ ಮೂರು ಪದರ ಸಿಗುತ್ತದೆ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಪದರ ಜಾರದಂತೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಸಡಿಲ ಹೊಲಿಗೆ) ಹಾಕಬೇಕು. ಇದನ್ನು ಬಿಟ್ಟರೆ ನಡುವೆ ಉಬ್ಬು ನಿಲ್ಲುತ್ತದೆ, ಬಿಚ್ಚದೆ ಸರಿಹೋಗದು. ಆಮೇಲಿನ ಗಟ್ಟಿ ಹೊಲಿಗೆಗೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರಂತೆ ಅಂಚಿನಿಂದ ಸುತ್ತುತ್ತಾ ಒಳಗೆ ಬರುವುದೇ ಚೆಂದ. ಸಾಲುಗಳ ನಡುವೆ ಬೆರಳಗಲ ಸಾಕು. ದಾರ ಒಂದೂವರೆ ಮೊಳ ಮೀರಿದರೆ ಗಂಟು ಬೀಳುತ್ತದೆ.

ಒಗೆದು ಒಣಗಿಸುವುದು ಏಪ್ರಿಲ್ ಬಿಸಿಲಲ್ಲೇ ಮುಗಿಯಬೇಕು. ಆಷಾಢದಲ್ಲಿ ಪೂರ್ತಿ ಆರದ ಬಟ್ಟೆ ಒಳಪದರಕ್ಕೆ ಹೋದರೆ ಮುಗ್ಗಲು ವಾಸನೆ ಬಿಡುವುದಿಲ್ಲ. ಮಳೆಗಾಲವೆಲ್ಲ ಹೊಲಿಗೆ, ದಸರೆಗೆ ಅಂಚು ಕಟ್ಟಿದರೆ ಮಾರ್ಗಶಿರದ ಚಳಿಗೆ ಕೌದಿ ಸಿದ್ಧ.

ಹಾಸಿ ಹೊಲಿಯಲು ಸಣ್ಣ ಮನೆಗಳಲ್ಲಿ ಜಾಗವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರ್ಡಿನ ಸಮುದಾಯ ಭವನಗಳನ್ನು ವಾರಕ್ಕೆ ಎರಡು ಮಧ್ಯಾಹ್ನ ಬಾಡಿಗೆಯಿಲ್ಲದೆ ಕೊಡಬೇಕೆಂದು ಪಾಲಿಕೆಯನ್ನು ಕೋರುತ್ತೇವೆ.

– ಕೌದಿ ಹೊಲಿಯುವವರು, ಮೈಸೂರು